ಗೋವಾದ ನೌಕಾಪಡೆ ಮ್ಯೂಸಿಯಂ ನೋಡಲು ಪ್ಯಾಕೇಜ್ ಬುಕ್ ಮಾಡೋರು ಓದಿ

ಹುಬ್ಬಳ್ಳಿ-ಧಾರವಾಡದಿಂದ ಗೋವಾಕ್ಕೆ ಕಾರ್ ಪ್ಯಾಕೇಜ್ ಬುಕ್ ಮಾಡೋರು, ಅದರಲ್ಲೂ ಬೋಗ್ಮಾಳೋದ ನೌಕಾಪಡೆ ವಿಮಾನ ಮ್ಯೂಸಿಯಂ ನೋಡಲಿಕ್ಕೆ ಅಂತಲೇ ಹೋಗೋರು, ದುಡ್ಡು ಕೊಡೋ ಮುಂಚೆ ಅಲ್ಲಿಗೆ ತಲುಪೋದು ಯಾವ ವಾರ ಅಂತ ನೋಡಿ. ಆ ಮ್ಯೂಸಿಯಂ ಸೋಮವಾರ ಬಂದ್. ನಮ್ಮ ಏಜೆಂಟ್ ಇಟ್ಟಿದ್ದೇ ಸೋಮವಾರ. ರಸೀದಿಯಲ್ಲಿ ತಾರೀಖು ಹಾಕಿ, ಕೆಳಗೆ ನೀಲಿ ಪೆನ್ನಿನಲ್ಲಿ 'ಮ್ಯೂಸಿಯಂ ಟಿಕೆಟ್ ಸೇರಿ' ಅಂತ ಬರೆದು ಪೂರ್ತಿ ದುಡ್ಡು ಮೊದಲೇ ತಗೊಂಡ. ಕಾಕಾ ಮತ್ತೆ ಮತ್ತೆ ಕೇಳಿದರೂ "ದಿನಾ ಓಪನ್ ಇರ್ತದ್ರಿ, ಚಿಂತಿ ಮಾಡಬ್ಯಾಡ್ರಿ" ಅಂದಿದ್ದ.

ಕಾಕಾ ನೌಕಾಪಡೆಯಲ್ಲಿ ಅಲಿಝೆ ವಿಮಾನಗಳ ರಿಪೇರಿ ಕೆಲಸದಲ್ಲಿದ್ದವರು. 1971ರಲ್ಲಿ ವಿಕ್ರಾಂತ್ ಹಡಗಿನಿಂದ ಹಾರಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು ಸೀ ಹಾಕ್ ಮತ್ತು ಇದೇ ಅಲಿಝೆ. ಹಡಗಿನಲ್ಲಿ ಜಾಗ ಕಮ್ಮಿ ಅಲ್ವಾ, ಅದಕ್ಕೇ ಅದರ ರೆಕ್ಕೆ ಮಡಚುವ ಹಾಗಿರುತ್ತದೆ. ಆ ಮಡಿಕೆ ಎಲ್ಲಿದೆ ಅಂತ ಮೊಮ್ಮಕ್ಕಳಿಗೆ ಬೆರಳು ಮಾಡಿ ತೋರಿಸಬೇಕು ಅಂತ ಯಲ್ಲಾಪುರ ದಾಟಿದಾಗಿನಿಂದ ಹೇಳುತ್ತಾ ಬಂದರು. ಹೋಗಿ ನೋಡಿದರೆ ಗೇಟಿಗೆ ಬೀಗ. ಡ್ರೈವರ್ "ಹೊರಗಿಂದನ ನೋಡ್ರಿ, ವಿಮಾನ ಕಾಣಸ್ತಾವಲ್ಲ" ಅಂದ. ಅದೇ ಕೆಲಸದಲ್ಲಿ ಆಯುಷ್ಯ ಕಳೆದ ಹಿರಿಯರಿಗೆ ಹೇಳೋ ಮಾತಾ ಇದು?

ಅಲ್ಲಿಂದ ಸೀದಾ ಕಮಿಷನ್ ಇರೋ ಗೋಡಂಬಿ ಅಂಗಡಿಗೆ. ವಾಪಸ್ ಬರುವಾಗ ಕಾರವಾರ ಬೀಚಿನ ಚಪಲ್ ಯುದ್ಧನೌಕೆಯನ್ನಾದರೂ ತೋರಿಸಪ್ಪಾ ಅಂದರೆ, ಪ್ಯಾಕೇಜ್‌ನಲ್ಲಿ ಇಲ್ಲ, ವೇಟಿಂಗ್ ಚಾರ್ಜ್ ಜಾಸ್ತಿ ಆಗುತ್ತದೆ ಅಂದ. ಏಜೆಂಟ್ ಕೊಟ್ಟ ಪಾಂಪ್ಲೆಟ್‌ನಲ್ಲಿ ಅದೇ ನೌಕೆಯ ಫೋಟೊ ದೊಡ್ಡದಾಗಿದೆ! ಕೆಳಗೆ '1971ರ ಯುದ್ಧದಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ನೌಕೆ' ಅಂತ ಬೇರೆ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಕ್ಷಿಪಣಿ ಬಿಟ್ಟಿದ್ದು ನಿಪಾತ್, ನಿರ್ಘಾತ್, ವೀರ್. ಸೈನಿಕರ ಹೆಸರಲ್ಲಿ ದುಡ್ಡು ಮಾಡೋರು ಇಷ್ಟಾದರೂ ಸರಿಯಾಗಿ ಬರೀಬೇಕಲ್ವಾ.

ಕಾರ್ ವಿಷಯ ಇನ್ನೂ ಗಂಭೀರ. ಬಂದಿದ್ದು ವೈಟ್ ಬೋರ್ಡ್ ಗಾಡಿ, ಅಂದರೆ ಬಾಡಿಗೆಗೆ ಓಡಿಸುವ ಹಾಗೇ ಇಲ್ಲ. ಪೊಲೀಸರು ಕೇಳಿದರೆ ನೆಂಟರು ಅನ್ನಿ ಅಂತ ಡ್ರೈವರ್ ಮೊದಲೇ ಹೇಳಿಕೊಟ್ಟಿದ್ದ. ಅಂಥ ಗಾಡಿ ಬಾಡಿಗೆ ಓಡುವಾಗ ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತಬಹುದು. ಅರಬೈಲ್ ಘಾಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ನನಗೆ ಅದೇ ಯೋಚನೆ. ಹಳದಿ ಬೋರ್ಡ್ ಇಲ್ಲದಿದ್ದರೆ ಹತ್ತಲೇಬೇಡಿ.

ಟಿಕೆಟ್ ದುಡ್ಡು ವಾಪಸ್ ಕೇಳಿದ ಮೇಲೆ ಏಜೆಂಟ್ ಫೋನ್ ಎತ್ತುತ್ತಿಲ್ಲ. ರಸೀದಿ, ಪಾಂಪ್ಲೆಟ್, ಗಾಡಿ ನಂಬರಿನ ಫೋಟೊ ಎಲ್ಲಾ ಇವೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ.