ಥಾರ್‌ಗೆ ಮೈಸೂರಿನಲ್ಲಿ ಕಟ್ಟಿಸಿದ ರೋಲ್ ಕೇಜ್: ಪೈಪಿಗೆ ಪೂರ್ತಿ ಅಂಕ, ಪಾದಕ್ಕೆ ಅರ್ಧ

ಹೆಬ್ಬಾಳ ಕೈಗಾರಿಕಾ ಪ್ರದೇಶದ ಶೆಡ್ ಒಂದರಲ್ಲಿ ಮಹೀಂದ್ರ ಥಾರ್ ಜೀಪಿನ ಹಳೇ ಸಿಆರ್‌ಡಿಇ ಡೀಸೆಲ್ ಮಾದರಿಯ, ಬಟ್ಟೆ ಛಾವಣಿಯ (ಸಾಫ್ಟ್ ಟಾಪ್) ಗಾಡಿಗೆ ಕಟ್ಟಿಸಿದ ಆರು ಪಾದದ ಕೇಜ್ ಇದು. ಮಂಡ್ಯ ಸೀಮೆಯ ಗದ್ದೆ ಕೆಸರು, ಪಾಂಡವಪುರದ ಕಡೆಯ ಬಂಡೆ ಇಳಿಜಾರು ಎರಡನ್ನೂ ಕೆಲವು ಮಳೆಗಾಲ ಕಂಡಿದೆ. ರೋಲ್ ಕೇಜ್ ಅಂದರೆ ಗಾಡಿ ಮಗುಚಿದಾಗ ಒಳಗಿರುವವರನ್ನು ಕಾಪಾಡಲು ಕಟ್ಟುವ ಪೈಪಿನ ಪಂಜರ, ಅದರ ಪೈಪುಗಳು ಗಾಡಿಯ ಫ್ಲೋರಿಗೆ ಕೂರುವ ತುದಿಯೇ ಪಾದ. ಇನ್ನು ನೇರ ಪೈಪಿಗೆ ಬರೋಣ.

ಊರಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಸಲಹೆ, ‘ಒಂದೂವರೆ ಇಂಚಿನ ಸಿ ಕ್ಲಾಸ್ ಪೈಪ್ ಹಾಕಿಸಿ, ಆನೆ ಹತ್ತಿದರೂ ಜಗ್ಗಲ್ಲ’. ದಯವಿಟ್ಟು ಬೇಡ. ಅದು ನೀರು ಸಾಗಿಸುವ ಪೈಪು. ಹೊರ ವ್ಯಾಸ 48.3 ಮಿ.ಮೀ., ದಪ್ಪ 4 ಮಿ.ಮೀ., ಮೀಟರಿಗೆ ಹತ್ತಿರ ಹತ್ತಿರ ನಾಲ್ಕೂವರೆ ಕಿಲೋ. ಇಂಥ ಕೇಜ್‌ಗೆ 22-23 ಮೀಟರ್ ಪೈಪು ಹೋಗುತ್ತದೆ, ಅಂದರೆ ನೂರು ಕಿಲೋ ಕಬ್ಬಿಣ ತಲೆಯ ಮಟ್ಟಕ್ಕೆ ಏರುತ್ತದೆ. ಪಲ್ಟಿಯಾದಾಗ ಕಾಪಾಡಬೇಕಾದ ವಸ್ತುವೇ ಗಾಡಿಯನ್ನು ಪಲ್ಟಿಯ ಕಡೆಗೆ ಎಳೆಯುತ್ತದೆ. ಸತು ಲೇಪಿಸಿದ ಜಿಐ ಪೈಪ್ ಆಗಿದ್ದರಂತೂ ವೆಲ್ಡಿಂಗ್‌ನಲ್ಲಿ ಸತುವಿನ ಹೊಗೆ ಎದ್ದು ಕೆಲಸದವರಿಗೆ ಚಳಿಜ್ವರ, ಬೆಸುಗೆಯೊಳಗೆ ಗುಳ್ಳೆ.

ಈ ಕೇಜ್‌ನಲ್ಲಿ ಇರುವುದು ಕೋಲ್ಡ್ ಡ್ರಾನ್ ಸೀಮ್‌ಲೆಸ್, ಅಂದರೆ ಕಾಯಿಸದೆ ಎಳೆದು ಮಾಡಿದ, ಉದ್ದಕ್ಕೆ ಬೆಸುಗೆಯಿಲ್ಲದ ಉಕ್ಕಿನ ಪೈಪು. ಮುಂದಿನ ಸೀಟುಗಳ ಹಿಂದೆ ನಿಲ್ಲುವ ಮುಖ್ಯ ಕಮಾನು (ಮೇನ್ ಹೂಪ್) 45 × 2.5 ಮಿ.ಮೀ. (ಹೊರ ವ್ಯಾಸ × ದಪ್ಪ), ಉಳಿದದ್ದೆಲ್ಲ 38 × 2.5. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎಯ ನಿಯಮಾವಳಿ ಅಪೆಂಡಿಕ್ಸ್ ಜೆ, 253ನೇ ವಿಧಿ ಕೇಳುವ ಕನಿಷ್ಠ ಅಳತೆ ಇದೇ. ಮೀಟರಿಗೆ 2.6 ಮತ್ತು 2.2 ಕಿಲೋ ಆದ್ದರಿಂದ ಪೈಪಿನ ಒಟ್ಟು ತೂಕ 50 ಕಿಲೋ ಆಸುಪಾಸಿಗೆ ನಿಂತಿದೆ. ಬಿಲ್ಲಿನಲ್ಲಿ ಪೈಪಿಗಿಂತ ಕೂಲಿಯೇ ಹೆಚ್ಚು. ಪೈಪಿನಲ್ಲಿ ಉಳಿಸಲು ಹೋದರೆ ಉಳಿಯುವುದು ಅಲ್ಪ.

ಬೆಂಡುಗಳು ನಿಜಕ್ಕೂ ಚಂದ. ಪ್ಲಂಬಿಂಗ್‌ನವರ ಹೈಡ್ರಾಲಿಕ್ ಬೆಂಡರ್‌ನಲ್ಲಿ ಒತ್ತಿದರೆ ಬೆಂಡಿನ ಒಳಬದಿ ಸುಕ್ಕುಗಟ್ಟುತ್ತದೆ. ಇಲ್ಲಿ ಪೈಪಿನ ಅಳತೆಗೆ ಸರಿಯಾದ ಡೈ (ಅಚ್ಚು) ಇದ್ದು, ಅದರ ಸುತ್ತ ಪೈಪನ್ನು ಎಳೆದು ಬಗ್ಗಿಸುವ ರೋಟರಿ ಡ್ರಾ ಬೆಂಡರ್‌ನಲ್ಲಿ, ಕಾಯಿಸದೆ ಬಗ್ಗಿಸಿದ್ದಾರೆ. ಮಧ್ಯರೇಖೆಯ ತ್ರಿಜ್ಯ ವ್ಯಾಸದ ಮೂರು ಪಟ್ಟಾದರೂ ಇರಬೇಕು, 45ಕ್ಕೆ 135 ಮಿ.ಮೀ. ವರ್ನಿಯರ್ ಹಿಡಿದು ಬೆಂಡಿನ ಕಿರಿದಾದ ಅಳತೆಯನ್ನು ಹಿರಿದಾದ ಅಳತೆಯಿಂದ ಭಾಗಿಸಿ. 0.9ಕ್ಕಿಂತ ಕಡಿಮೆ ಬಂದರೆ ಆ ತುಂಡು ಗುಜರಿಗೆ. ಒಂದು ಪೈಪು ಇನ್ನೊಂದರ ಮೈಗೆ ಕೂರಲು ಬೇಕಾದ ಕಚ್ಚುಗಳನ್ನು (ನಾಚ್) ಹೋಲ್ ಸಾ ಎಂಬ ದುಂಡು ಗರಗಸದಲ್ಲಿ ಕತ್ತರಿಸಿ, ಜೋಡಣೆ ಕೂತಮೇಲೆ ಪೈಪಿನೊಳಗೆ ಟಾರ್ಚ್ ಹಿಡಿದು ಬೆಳಕು ಸೋರುತ್ತದೆಯೇ ಎಂದು ನೋಡಿಯೇ ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿದ್ದಾರೆ. ಸಾಫ್ಟ್ ಟಾಪ್ ಆದ್ದರಿಂದ ಛಾವಣಿ ಅಡ್ಡ ಬರದೆ ಪ್ರತಿ ಜಾಯಿಂಟಿಗೂ ಸುತ್ತ ಪೂರ್ತಿ ಮಿಗ್ ಬೆಸುಗೆ ಸಾಧ್ಯವಾಗಿದೆ. ಬೆಸುಗೆಯ ಮೇಲೆ ಗ್ರೈಂಡರ್ ಆಡಿಸಿಲ್ಲ, ಅದು ದೊಡ್ಡ ಗುಣ. ನುಣ್ಣಗೆ ಉಜ್ಜಿದ ಬೆಸುಗೆ ತೆಳುವಾದ ಬೆಸುಗೆ.

ಇಷ್ಟೆಲ್ಲ ಶ್ರದ್ಧೆಯಿಂದ ಮಾಡಿದವರು ಪಾದದ ಹತ್ತಿರ ಕೈಬಿಟ್ಟರು ಅನ್ನೋದೇ ನೋವು. ಅದೇ 253ನೇ ವಿಧಿಯ ಪ್ರಕಾರ ಮುಂದಿನ ಮತ್ತು ಮೇನ್ ಹೂಪ್‌ನ ಪಾದಗಳಡಿ ತಲಾ 120 ಚದರ ಸೆಂ.ಮೀ. ಬಲವರ್ಧಕ ಪ್ಲೇಟ್ ಬೇಕು, ಮೇನ್ ಹೂಪ್‌ನಿಂದ ಹಿಂದಕ್ಕೆ ಇಳಿಯುವ ಆಸರೆ ಪೈಪುಗಳಿಗೆ (ಹಿಂದಿನ ಸ್ಟೇ) 60 ಸಾಕು. ಕೊಟ್ಟಿದ್ದು ಆರಕ್ಕೂ 10 × 6 ಸೆಂ.ಮೀ. ತುಂಡು. ಗಾಡಿಯ ಫ್ಲೋರ್ ಬರೀ ತಗಡು. ಮಗುಚಿದ ಗಾಡಿಯ ಭಾರವೆಲ್ಲ ಅಷ್ಟಗಲದ ಮೇಲೆ ಬಿದ್ದರೆ ಹಪ್ಪಳಕ್ಕೆ ಬೆರಳು ಚುಚ್ಚಿದ ಹಾಗೆ ಪೈಪು ಕೆಳಗಿಳಿಯುತ್ತದೆ, ಮೇಲೆ ಎಂಥ ಪೈಪಿದ್ದರೂ ವ್ಯರ್ಥ.

ಎರಡನೇ ತೊಂದರೆ ನೀರು. ಪಾದಗಳು ಕೂತಿರುವುದು ಫ್ಲೋರಿನ ತಗ್ಗಿನಲ್ಲಿ. ನಾಲೆ ಬದಿಯ ಕೆಸರು ಪ್ಲೇಟಿಗೂ ತಗಡಿಗೂ ನಡುವೆ ಸೇರಿಕೊಂಡು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ನಡುವೆ ಸೀಲಂಟ್ ಹಾಕಿರಲಿಲ್ಲ, ಪ್ಲೇಟಿನ ಅಡಿಮೈಗೆ ಪ್ರೈಮರ್ ಕೂಡ ಇರಲಿಲ್ಲ. ಮೊದಲ ಸೂಚನೆ ಸದ್ದು: ಒಂದು ಚಕ್ರ ಹಳ್ಳಕ್ಕಿಳಿದು ಬಾಡಿ ತಿರುಚಿದಾಗ ಕಿರ್ ಎನ್ನುತ್ತದೆ. ಆಮೇಲೆ ಮ್ಯಾಟ್ ಅಡಿಯಲ್ಲಿ ಚಹಾ ಬಣ್ಣದ ಕಲೆ. ಈ ಎರಡೂ ಕಂಡರೆ ಬೋಲ್ಟ್ ಬಿಗಿ ಮಾಡಿ ಸುಮ್ಮನಾಗಬೇಡಿ, ಪಾದ ಬಿಚ್ಚಿ ನೋಡಿ.

ಈಗ ಮಾಡಿಸಿರುವುದು ಹೀಗೆ. 3 ಮಿ.ಮೀ. ಶೀಟಿನ ಪೆಟ್ಟಿಗೆಯಾಕಾರದ ಪ್ಲಿಂಥ್ (ಪೀಠ), ಸುಮಾರು 40 ಮಿ.ಮೀ. ಎತ್ತರ, ಇದರಿಂದ ಪೈಪಿನ ಬೆಸುಗೆ ನೀರಿನಿಂದ ಮೇಲಿರುತ್ತದೆ. ಅದರಡಿ 150 × 100 ಮಿ.ಮೀ. ಪ್ಲೇಟ್, 4 ಮಿ.ಮೀ. ದಪ್ಪ, ಮೂಲೆಗಳು ಗುಂಡಗೆ. ಚೂಪು ಮೂಲೆಯಿಂದಲೇ ತಗಡು ಹರಿಯಲು ಶುರುವಾಗುವುದು. ಫ್ಲೋರಿನ ಕೆಳಗೆ ಅಷ್ಟೇ ಅಗಲದ ಜೋಡಿ ಪ್ಲೇಟ್. ನಡುವೆ ನೀರು ತಡೆಯುವ ಪಿಯು (ಪಾಲಿಯುರೆಥೇನ್) ಸೀಲಂಟ್, ಪಾದಕ್ಕೆ ಮೂರು ಎಂ8 ಬೋಲ್ಟ್, 8.8 ಗ್ರೇಡ್, ಸುಲಭವಾಗಿ ಸಡಿಲಾಗದ ನೈಲಾಕ್ ನಟ್, 25 ನ್ಯೂಟನ್ ಮೀಟರ್ ಬಿಗಿ. ಕೆಳಮೈಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್. ಸದ್ದು ನಿಂತಿದೆ. ಕೆಲವರು ಎರಡು ಪಾದ ಬಾಡಿಗೆ, ಎರಡು ಚಾಸಿಗೆ ಬೆಸೆಯುತ್ತಾರೆ. ಬಾಡಿ ರಬ್ಬರ್ ಬುಷ್ ಮೇಲೆ ಚಾಸಿಯಿಂದ ಬೇರೆಯಾಗಿ ಅಲುಗುತ್ತದೆ, ಆ ಅಲುಗಾಟವನ್ನು ಕೇಜ್ ತಡೆಯಲು ಹೋದರೆ ಬಿರುಕು ಬಿಡುವುದು ಬೆಸುಗೆಯೇ. ಎಲ್ಲ ಪಾದಗಳೂ ಬಾಡಿಗೇ ಇರಲಿ.

ಕೆಸರಿನಿಂದ ಬಂದ ಮೇಲೆ ಮಾಡುವ ಕೆಲಸ ಈಗ ಇಷ್ಟವೇ ಆಗಿದೆ. ಮ್ಯಾಟ್ ಎತ್ತಿ ಬಿಸಿಲಿಗೆ ಹಾಕುವುದು, ಪ್ಲಿಂಥ್ ಸುತ್ತ ಹಳೇ ಪಂಚೆ ಬಟ್ಟೆಯಿಂದ ಒರೆಸುವುದು, ನಟ್‌ನಿಂದ ಪ್ಲೇಟಿಗೆ ಎಳೆದ ಹಳದಿ ಪೇಂಟ್ ಗೆರೆ ತುಂಡಾಗಿದೆಯೇ ನೋಡುವುದು (ತುಂಡಾಗಿದ್ದರೆ ನಟ್ ಸಡಿಲಾಗಿದೆ), ಪ್ರತಿ ಬೆಸುಗೆಯ ಅಂಚಿಗೆ ಉಗುರು ಆಡಿಸುವುದು. ತಿಳಿ ಬೂದು ಎನಾಮಲ್ ಬಳಿಸಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಬಿರುಕಿದ್ದರೆ ತುಕ್ಕಿನ ಕೂದಲೆಳೆ ಗೆರೆ ತಕ್ಷಣ ಕಾಣುತ್ತದೆ. ಪೌಡರ್ ಕೋಟಿಂಗ್ ದುಡ್ಡು ಉಳಿಸಿ. ಅದು ಬಿರುಕನ್ನು ಮುಚ್ಚಿಡುತ್ತದೆ, ರಿಪೇರಿಗೆ ಕೆರೆಯುವುದೂ ಕಷ್ಟ.

ಆ ದುಡ್ಡು ಪ್ಯಾಡಿಂಗ್‌ಗೆ ಹೋಗಲಿ. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಬೆರಳಲ್ಲಿ ಒತ್ತಿದರೇ ಪೈಪು ತಗಲುತ್ತದೆ, ತಲೆಗೆ ಅದು ಇದ್ದರೂ ಇಲ್ಲದಂತೆ. ರೋಲ್ ಕೇಜ್ ಪ್ಯಾಡಿಂಗ್‌ನ ಮಾನದಂಡವಾದ ಎಸ್‌ಎಫ್‌ಐ 45.1 ಗುರುತಿನ ಗಟ್ಟಿ ಪ್ಯಾಡ್ ತರಿಸಿ, ಅದಿದ್ದರೂ ಹೆಲ್ಮೆಟ್ ಮತ್ತು ಹಾರ್ನೆಸ್ (ಭುಜದ ಮೇಲಿನಿಂದಲೂ ಕಟ್ಟುವ ರೇಸಿಂಗ್ ಬೆಲ್ಟ್) ಬೇಕೇ ಬೇಕು. ಹೆಲ್ಮೆಟ್ ಇಲ್ಲದೆ ದಿನಾ ಮೈಸೂರು–ಮಂಡ್ಯ ಓಡಾಡುವ ಗಾಡಿಗೆ ಕೇಜ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ಸಣ್ಣ ಡಿಕ್ಕಿಯಲ್ಲೂ ತಲೆ ಮೊದಲು ಬಡಿಯುವುದು ಆ ಪೈಪಿಗೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುತ್ತದೆ, ಆದ್ದರಿಂದ ಪೈಪು ಕೊಳ್ಳುವ ಮೊದಲೇ ಆರ್‌ಟಿಒ ಮತ್ತು ವಿಮೆಯವರನ್ನು ಕೇಳಿ.

ಹಿಂದಿನ ಅಡ್ಡ ಸೀಟುಗಳನ್ನು ತೆಗೆಸಿಬಿಡಿ. ಹಿಂದಿನ ಸ್ಟೇಗಳು ಸರಿಯಾಗಿ ಅಲ್ಲಿ ಕೂರುವವರ ಕಿವಿಯ ಪಕ್ಕದಲ್ಲೇ ಇಳಿಯುತ್ತವೆ. ಜಾತ್ರೆಗೆ ಹೋಗುವಾಗ ಮಕ್ಕಳನ್ನು ಕೂರಿಸಲು ಆ ಸೀಟು ಬೇಕೇ ಬೇಕು ಅನ್ನುವ ಮನೆಯಾದರೆ, ಕೇಜ್‌ಗೆ ಬೇರೆ ಗಾಡಿ ನೋಡಿಕೊಳ್ಳಿ.