ಜಾಗದ ಅಳತೆ ನೋಡಿ ಲಾನ್ ಮೂವರ್ ಕೊಂಡರೆ ಆಗುವ ಪಾಡು

ಲಾನ್ ಮೂವರ್ ಕೊಳ್ಳಲು ಹೋದರೆ ಎದುರಾಗುವ ಮೊದಲ ಪ್ರಶ್ನೆ "ಜಾಗ ಎಷ್ಟಿದೆ?" ಅನ್ನುವುದು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು, "ಎಷ್ಟು ದಿನಕ್ಕೊಮ್ಮೆ ಹುಲ್ಲು ಕತ್ತರಿಸುತ್ತೀರಿ?" ಎಂದು. ಇದನ್ನು ಕೇಳಿಕೊಳ್ಳದೆ ತಂದ ಮೂವರ್ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಮೂಲೆ ಸೇರುತ್ತದೆ.

ಹೆಚ್ಚು ಜನ ಏಮಾರುವುದು ಕೈಯಲ್ಲಿ ತಳ್ಳುವ ರೀಲ್ ಮೂವರ್‌ ವಿಷಯದಲ್ಲಿ. ಸದ್ದಿಲ್ಲ, ಕರೆಂಟ್ ಬೇಡ, ಪೆಟ್ರೋಲ್ ಬೇಡ, ಮೊದಲ ವಾರ ಬೆಣ್ಣೆಯಂತೆ ಓಡುತ್ತದೆ. ಮಳೆ ಬಿದ್ದು ಮೂರು ವಾರ ಬಿಟ್ಟು ಇಳಿಸಿ ನೋಡಿ. ತಿರುಗುವ ಅಲಗು ಹುಲ್ಲನ್ನು ಕೆಳಗಿನ ಸ್ಥಿರ ಅಲಗಿಗೆ ತಂದು ಕತ್ತರಿಯ ಹಾಗೆ ಕತ್ತರಿಸಬೇಕು. ಹುಲ್ಲು 8–10 ಸೆಂ.ಮೀ. ದಾಟಿದರೆ ಅಲಗಿನ ಬಾಯಿಗೆ ಬರುವ ಮೊದಲೇ ಮುಂದಕ್ಕೆ ಮಲಗಿಬಿಡುತ್ತದೆ; ಯಂತ್ರ ದಾಟಿದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತದೆ. ನಡುವೆ ಪೆನ್ಸಿಲ್ ದಪ್ಪದ ಕಡ್ಡಿ ಸಿಕ್ಕಿತೋ, ರೀಲ್ ಗಕ್ಕನೆ ನಿಂತು ಹಿಡಿ ಹೊಟ್ಟೆಗೆ ಗುದ್ದುತ್ತದೆ.

ಆಗ ಬಹುತೇಕರು ಮಾಡುವ ತಪ್ಪು, ಅಲಗು ಮೊಂಡಾಯಿತೆಂದು ಸ್ಕ್ರೂ ಬಿಗಿ ಮಾಡುವುದು. ಎರಡು ಅಲಗೂ ಉಜ್ಜಿಕೊಂಡು ತಳ್ಳುವುದು ಇನ್ನೂ ಭಾರವಾಗುತ್ತದೆ, ಅಂಚೂ ಬೇಗ ಸವೆಯುತ್ತದೆ. ಸ್ಕ್ರೂ ಮುಟ್ಟುವ ಮೊದಲು ಪತ್ರಿಕೆಯ ಒಂದು ಪಟ್ಟಿಯನ್ನು ಅಲಗುಗಳ ನಡುವೆ ಹಿಡಿದು, ಬೆರಳು ದೂರವಿಟ್ಟು, ರೀಲನ್ನು ನಿಧಾನವಾಗಿ ತಿರುಗಿಸಿ. ಎಡ, ನಡು, ಬಲ ಮೂರೂ ಕಡೆ ಕಾಗದ ನೀಟಾಗಿ ತುಂಡಾದರೆ ಅಲಗು ಸರಿಯಿದೆ, ತಪ್ಪು ಹುಲ್ಲಿನ ಎತ್ತರದ್ದು. ವಾರಕ್ಕೊಮ್ಮೆ ತಪ್ಪದೆ ಕತ್ತರಿಸುವವರಿಗೆ ಮಾತ್ರ ರೀಲ್. ಅವರಿಗೆ ಅದರಷ್ಟು ನುಣುಪಾದ ಕೆಲಸ ಬೇರೆ ಯಾವುದೂ ಕೊಡದು.

ಉಳಿದವರಿಗೆ ರೋಟರಿ, ಅಂದರೆ ಅಡಿಯಲ್ಲಿ ಫ್ಯಾನಿನಂತೆ ಬ್ಲೇಡು ತಿರುಗುವ ಮೂವರ್. ವೈರಿನದ್ದು ಅಗ್ಗ, ಆದರೆ ಅದನ್ನು ಸುಡಿಸುವುದು ಎಕ್ಸ್‌ಟೆನ್ಷನ್ ವೈರ್. 1500 ವ್ಯಾಟ್ ಮೋಟಾರು 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಮನೆಯಲ್ಲಿ ಬಿದ್ದಿದ್ದ 0.75 ಚದರ ಮಿ.ಮೀ. ವೈರನ್ನು 30 ಮೀಟರ್ ಎಳೆದರೆ ದಾರಿಯಲ್ಲೇ ಹತ್ತು ವೋಲ್ಟ್ ಹೋಗುತ್ತದೆ. ದಟ್ಟ ಹುಲ್ಲಿಗೆ ಸಿಕ್ಕಿ ಮೋಟಾರು ತಿಣುಕಿದಾಗ ಆಂಪಿಯರ್ ಏರಿ, ಇಳಿತ ಇನ್ನೂ ಹೆಚ್ಚುತ್ತದೆ. ಉಳಿದ ವೈರು ಡ್ರಮ್ಮಿನಲ್ಲೇ ಸುತ್ತಿದ್ದರೆ ಬಿಸಿ ಹೊರಹೋಗದೆ ಒಳಸುತ್ತಿನ ಹೊದಿಕೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಕನಿಷ್ಠ 1.5 ಚದರ ಮಿ.ಮೀ. ಇರಲಿ, ಪೂರ್ತಿ ಬಿಚ್ಚಿ, 30 ಮಿಲಿಆಂಪಿಯರ್ ಆರ್‌ಸಿಡಿ (ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಮೂಲಕವೇ ಹಾಕಿ. ಪ್ಲಗ್ಗಿನ ಹತ್ತಿರದಿಂದ ಶುರುಮಾಡಿ ದೂರ ಸರಿಯುತ್ತ ಹೋದರೆ ವೈರು ಬೆನ್ನ ಹಿಂದೆ ಉಳಿಯುತ್ತದೆ, ಬ್ಲೇಡಿಗೆ ಸಿಗುವುದಿಲ್ಲ.

ಬ್ಯಾಟರಿಯದ್ದಾದರೆ ಡಬ್ಬಿಯ ಮೇಲಿನ ನಿಮಿಷ ನಂಬಬೇಡಿ, ಗುಣಾಕಾರ ಮಾಡಿ. 36 ವೋಲ್ಟ್, 4 ಆಂಪಿಯರ್-ಅವರ್ ಅಂದರೆ 144 ವ್ಯಾಟ್-ಅವರ್. ತೆಳು ಒಣ ಹುಲ್ಲಿನಲ್ಲಿ 350 ವ್ಯಾಟ್ ಎಳೆದರೆ ಇಪ್ಪತ್ತೈದು ನಿಮಿಷ, ಒದ್ದೆ ದಟ್ಟ ಹುಲ್ಲಿನಲ್ಲಿ 600 ವ್ಯಾಟ್ ಎಳೆದರೆ ಹದಿನಾಲ್ಕು.

ಪೆಟ್ರೋಲ್ ಮೂವರ್ ತಿಂಗಳು ಬಿಟ್ಟ ಹುಲ್ಲನ್ನೂ ಎರಡು ಸುತ್ತಿನಲ್ಲಿ ಮುಗಿಸುತ್ತದೆ: ಮೊದಲು ಎತ್ತರದಲ್ಲಿ, ಮತ್ತೆ ತಗ್ಗಿಸಿ. ಆದರೆ ಹೊಸ ಫೋರ್-ಸ್ಟ್ರೋಕ್ ಎಂಜಿನ್ ಸಾಮಾನ್ಯವಾಗಿ ಎಣ್ಣೆಯಿಲ್ಲದೆ ಬರುತ್ತದೆ. ಅರ್ಧ ಲೀಟರಿನ ಆಸುಪಾಸು ಎಣ್ಣೆ ಹಾಕದೆ, ಡಿಪ್‌ಸ್ಟಿಕ್‌ನಲ್ಲಿ (ಎಣ್ಣೆಯ ಮಟ್ಟ ಅಳೆಯುವ ಕಡ್ಡಿ) ಮಟ್ಟ ನೋಡದೆ ಹಗ್ಗ ಎಳೆದರೆ ಕೆಲವೇ ನಿಮಿಷಕ್ಕೆ ಎಂಜಿನ್ ಹಿಡಿದುಕೊಳ್ಳುತ್ತದೆ, ಅದಕ್ಕೆ ಗ್ಯಾರಂಟಿಯೂ ನಿಲ್ಲುವುದಿಲ್ಲ. ಅಡಿಯ ಹುಲ್ಲು ಕೆರೆಯಲು ಮಗುಚುವಾಗ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು, ಏರ್ ಫಿಲ್ಟರ್ ಮೇಲೆ ಬರುವಂತೆ ಓರೆ ಮಾಡಿ. ತಿರುಗಾಮುರುಗ ಮಾಡಿದರೆ ಎಣ್ಣೆ ಫಿಲ್ಟರಿಗೆ ಇಳಿದು, ಮರುದಿನ ಎಷ್ಟು ಎಳೆದರೂ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಬರೀ ಬಿಳಿ ಹೊಗೆ. ಹಾಗಾಗಿದ್ದರೆ ಕಾಗದದ ಫಿಲ್ಟರ್ ತೊಳೆಯಲು ಹೋಗಬೇಡಿ, ಹೊಸದನ್ನೇ ಹಾಕಿ.