ನೇರಳೆ ಬೆಳಕಿನ ಗ್ರೋ ಲೈಟ್ ಕೊಳ್ಳುವ ಮುನ್ನ ಇದನ್ನೊಮ್ಮೆ ಓದಿ

ಗಾಜಿನ ತೊಟ್ಟಿಯಲ್ಲಿ ಕೀಟಾಹಾರಿ ಗಿಡ ಸಾಕಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು, ಗಿಡ ಬೆಳೆಸಲೆಂದೇ ಮಾರುವ ನೇರಳೆ ಬೆಳಕಿನ ಎಲ್‌ಇಡಿ ಗ್ರೋ ಲೈಟು. ‘100 ವ್ಯಾಟ್, ಗಿಡಕ್ಕೆ ಬೇಕಾದ ಬೆಳಕು ಮಾತ್ರ’ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತದೆ. ನಾನು ಕೊಂಡದ್ದೂ ಅಂಥದ್ದೇ. ಅದರಡಿ ಇಟ್ಟ, ಎಲೆಯ ಅಂಟಿನಲ್ಲಿ ಕೀಟ ಹಿಡಿಯುವ ಸನ್‌ಡ್ಯೂ ಗಿಡಗಳಲ್ಲಿ ಬಹುಪಾಲು ಸತ್ತವು, ಹೂಜಿಯಂಥ ಎಲೆಯಲ್ಲಿ ಕೀಟ ಬೀಳಿಸಿಕೊಳ್ಳುವ ಹೂಜಿ ಗಿಡ (ಪಿಚರ್ ಪ್ಲಾಂಟ್) ಹೂಜಿ ಬಿಡುವುದನ್ನೇ ನಿಲ್ಲಿಸಿತು. ದುಡ್ಡು ಹೋದದ್ದಕ್ಕಿಂತ ಹೆಚ್ಚು ಸಿಟ್ಟು ಬರುವುದು ಇನ್ನೊಂದಕ್ಕೆ: ಗಿಡಗಳು ಸೊರಗುತ್ತಿರುವುದನ್ನು ಆ ದೀಪವೇ ಮುಚ್ಚಿಟ್ಟಿತು.

ಇಂಥ ದೀಪಗಳಲ್ಲಿ ಮುಖ್ಯವಾಗಿ ಇರುವುದು ಎರಡೇ ಬಗೆಯ ಎಲ್‌ಇಡಿ. ತರಂಗದ ಉದ್ದ 450 ನ್ಯಾನೊಮೀಟರ್ ಆಸುಪಾಸಿನ ನೀಲಿ, 660ರ ಆಸುಪಾಸಿನ ಕೆಂಪು. ಪತ್ರಹರಿತ್ತು ಹೆಚ್ಚಾಗಿ ಹೀರುವುದು ನೀಲಿ ಮತ್ತು ಕೆಂಪನ್ನೇ, ಅದು ಸುಳ್ಳಲ್ಲ. ಆದರೆ ಹಸಿರು ಬೆಳಕೇ ಬೀಳದ ಕಡೆ ಹಸಿರೆಲೆ ಕಪ್ಪಾಗಿ ಕಾಣುತ್ತದೆ, ಮಿಕ್ಕದ್ದೆಲ್ಲ ಗುಲಾಬಿ. ಸನ್‌ಡ್ಯೂ ಸಾಕುವವರಿಗೆ ಇದು ಸಣ್ಣ ತೊಂದರೆಯಲ್ಲ. ಬಹಳಷ್ಟು ಜಾತಿಗಳಲ್ಲಿ ಬೆಳಕು ಸಾಕಷ್ಟು ಸಿಕ್ಕರೆ ಎಲೆಯ ಮೇಲಿನ ಅಂಟುಗೂದಲು ಕೆಂಪೇರುತ್ತದೆ, ಸಾಲದಿದ್ದರೆ ಹಸಿರಾಗಿಯೇ ಉಳಿಯುತ್ತದೆ. ಬೆಳಕು ಸಾಲುತ್ತಿದೆಯೇ ಎಂದು ನೋಡಲು ನಮಗಿರುವ ಸುಲಭದ ಗುರುತೇ ಅದು. ಆ ದೀಪದಡಿ ಎಲ್ಲವೂ ಕೆಂಪೇ! ಎಲೆಯ ತೊಟ್ಟು ಬಡಕಲಾಗಿ ಉದ್ದಕ್ಕೆ ಎಳೆದುಕೊಂಡದ್ದು, ಅಂಟುಹನಿ ಕಮ್ಮಿಯಾದದ್ದು, ಬುಡದಲ್ಲಿ ಬೂದು ಬೂಷ್ಟು ಹತ್ತಿದ್ದು ಯಾವುದೂ ಕಾಣಲಿಲ್ಲ. ತೊಟ್ಟಿ ತೊಳೆಯಲೆಂದು ಗಿಡಗಳನ್ನು ಕಿಟಕಿಯ ಬೆಳಕಿಗೆ ತಂದಾಗಲೇ ನಿಜವಾದ ಬಣ್ಣ ಗೊತ್ತಾದದ್ದು.

ಹೂಜಿ ಗಿಡದ ಬಗ್ಗೆ ಮಾರಿದವರನ್ನು ಮೊದಲೇ ಕೇಳಿದ್ದೆ. ‘ತೇವಾಂಶ ಸಾಲ್ತಿಲ್ಲ, ಮೇಲೆ ಗಾಜು ಮುಚ್ಚಿಬಿಡಿ’ ಎಂಬ ಉತ್ತರ ಬಂತು. ಮುಚ್ಚಿದ ಗಾಜಿನ ಒಳಮೈಗೆ ನೀರಹನಿ ಕಟ್ಟಿ, ಬರುತ್ತಿದ್ದ ಬೆಳಕಿನಲ್ಲೂ ಒಂದಷ್ಟು ಕಡಿತವಾಯಿತು. ಒಳಗೆ ಗಾಳಿಯಾಡದೆ ಬೂಷ್ಟಿಗೆ ಹಬ್ಬವಾಯಿತು. ಹೂಜಿ ಬಿಡದ ಗಿಡ ಕಂಡರೆ ಸಾಕು, ತೇವಾಂಶದ ಮದ್ದು ಹೇಳುವ ಚಾಳಿ ಈ ಹವ್ಯಾಸದಲ್ಲಿ ಬಹಳ ಇದೆ. ತೇವಾಂಶ ಬೇಡವೆಂದಲ್ಲ, ಆದರೆ ಬೆಳಕಿನ ಕೊರತೆಯನ್ನು ಅದು ತುಂಬಿಕೊಡಲಾರದು.

ಆಮೇಲೆ ಅನುಮಾನ ಬಂದು, ಪ್ಲಗ್ಗಿಗೆ ಸಿಕ್ಕಿಸುವ ವಿದ್ಯುತ್ ಮೀಟರಿನಲ್ಲಿ ದೀಪವನ್ನು ಅಳೆದೆ. ‘100 ವ್ಯಾಟ್’ ದೀಪ 20 ಕೂಡ ಮುಟ್ಟಲಿಲ್ಲ. ದೀಪ ಮಾರಿದವರನ್ನು ಕೇಳಿದರೆ, ‘ಅದು ನೂರು ವ್ಯಾಟ್ ಹಳೇ ಬಲ್ಬಿಗೆ ಸಮ ಅಂತ ಸರ್, ಪೆಟ್ಟಿಗೆ ಮೇಲೇ ಇದೆಯಲ್ಲ’ ಅಂದರು. ಇತ್ತು, ತಳಭಾಗದಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ತೆರೆದ ಪೆಟ್ಟಿಗೆ ವಾಪಸ್ ತಗೊಳ್ಳೋದಿಲ್ಲ ಎಂದೂ ಹೇಳಿ ಮಾತು ಮುಗಿಸಿದರು.

ನೇರಳೆ ಬೆಳಕಿನಲ್ಲಿ ಗಿಡ ಬೆಳೆಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ದೀಪಕ್ಕೆ ನಿಜವಾದ ಬಲವಿದ್ದರೆ ಬೆಳೆಯುತ್ತದೆ. ಆದರೆ ಮನೆಯ ತೊಟ್ಟಿಗೆ ಅದರ ಅಗತ್ಯವೇ ಇಲ್ಲ. ಬೆಳಕಿನ ಛಾಯೆಯ ಅಳತೆಯಲ್ಲಿ 5000ದಿಂದ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ನೀಲಿ, ಹಸಿರು, ಕೆಂಪು ಎಲ್ಲವೂ ಇರುತ್ತವೆ, ಗಿಡವೂ ಇದ್ದ ಹಾಗೆ ಕಾಣುತ್ತದೆ. ‘ಸಮ’ ಎಂಬ ಲೆಕ್ಕ ಬಿಟ್ಟು, ದೀಪ ಎಳೆಯುವ ವ್ಯಾಟ್ ಎಷ್ಟು, ಕೊಡುವ ಬೆಳಕು ಎಷ್ಟು ಲ್ಯೂಮೆನ್ ಎಂದು ಕೇಳಿ. ಉತ್ತರ ಬರದಿದ್ದರೆ ಕೊಳ್ಳಬೇಡಿ.

ಬಿಳಿ ದೀಪದ ಇನ್ನೊಂದು ಅನುಕೂಲ, ಅದನ್ನು ಫೋನಿನ ಲಕ್ಸ್ ಆ್ಯಪ್‌ನಲ್ಲೇ ಅಂದಾಜಾಗಿ ಅಳೆಯಬಹುದು. ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ತಕ್ಕ ಅಳತೆ, ಹಸಿರಿಗೆ ಹೆಚ್ಚು ತೂಕ ಕೊಡುತ್ತದೆ. ಹಾಗಾಗಿ ನೇರಳೆ ದೀಪದಡಿ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. 6500 ಕೆಲ್ವಿನ್ ಬಿಳಿ ಬೆಳಕಿನಲ್ಲಾದರೆ ಲಕ್ಸ್ ಅನ್ನು ಸುಮಾರು 70ರಿಂದ ಭಾಗಿಸಿದರೆ, ಗಿಡಕ್ಕೆ ಸಿಗುವ ಬೆಳಕು ಮೈಕ್ರೋಮೋಲ್ (ಚದರ ಮೀಟರಿಗೆ ಸೆಕೆಂಡಿಗೆ ಬೀಳುವ, ಗಿಡ ಬಳಸಬಲ್ಲ ಬೆಳಕಿನ ಕಣಗಳ ಎಣಿಕೆ) ಲೆಕ್ಕದಲ್ಲಿ ಸಿಗುತ್ತದೆ. ಎಲೆಯ ಮಟ್ಟದಲ್ಲಿ 10,000 ಲಕ್ಸ್‌ಗಿಂತ ಮೇಲಿದ್ದು, ದಿನಕ್ಕೆ 14 ಗಂಟೆ ಉರಿದರೆ ಸಾಮಾನ್ಯ ಸನ್‌ಡ್ಯೂಗಳು ಖುಷಿಯಾಗಿರುತ್ತವೆ. ಇದು ಅತಿಯೆನಿಸಿದರೆ ಹೋಲಿಸಿ ನೋಡಿ: ನೆತ್ತಿಯ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್, ನಮಗೆ ಬೆಳಕಾಗಿದೆ ಅನ್ನಿಸುವ ಕೋಣೆ ಕೆಲವೇ ನೂರು. ಕಣ್ಣಳತೆಯನ್ನು ನಂಬಬೇಡಿ. ಟೈಮರ್ ಹಾಕಿ, ಗಿಡಕ್ಕೆ ಕತ್ತಲೂ ಬೇಕು.

ದೀಪವನ್ನು ತೊಟ್ಟಿಯೊಳಗೆ ತೂಗುಹಾಕಬೇಡಿ. ಒಳಗಿನ ತೇವಕ್ಕೆ ಎಲ್‌ಇಡಿಗೆ ವಿದ್ಯುತ್ ಹದಮಾಡಿ ಕೊಡುವ ಡ್ರೈವರ್ ಹಾಳಾಗುತ್ತದೆ, ಶಾಕ್ ಹೊಡೆಯುವ ಭಯ ಬೇರೆ. ಎಲ್‌ಇಡಿ ತಣ್ಣಗಿರುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ, ಮುಚ್ಚಿದ ಗಾಜಿನೊಳಗೆ ಆ ಬಿಸಿಗೆ ಹೋಗಲು ದಾರಿಯಿಲ್ಲ. ಕ್ರಿಮಿ ಕೊಲ್ಲುವ 254 ನ್ಯಾನೊಮೀಟರಿನ ಯುವಿ ದೀಪವನ್ನಂತೂ ಹತ್ತಿರ ತರಲೇಬೇಡಿ, ಎಲೆಗೂ ಕಣ್ಣಿಗೂ ಹಾನಿ. ಎಲೆ ಮಡಚಿ ಕೀಟ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್‌ಗಂತೂ ಎಂಥ ದೀಪ ತಂದರೂ ಮುಚ್ಚಿದ ತೊಟ್ಟಿ ಒಗ್ಗುವುದಿಲ್ಲ. ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾದ ಜೌಗು ನೆಲದ ಗಿಡವದು, ಅದಕ್ಕೆ ಚಳಿಗಾಲದ ನಿದ್ದೆ ಬೇಕು.

ದೀಪ ಬದಲಿಸುವವರು ಹೊಸದನ್ನು ಮೊದಲು ಎತ್ತರದಲ್ಲಿಟ್ಟು, ಎರಡು ವಾರದ ಅವಧಿಯಲ್ಲಿ ಸ್ವಲ್ಪಸ್ವಲ್ಪವೇ ಇಳಿಸಿ. ಸೊರಗಿದ ಎಲೆಗೆ ಏಕಾಏಕಿ ಬಲವಾದ ಬೆಳಕು ಬಿದ್ದರೆ ಸುಡುತ್ತದೆ. ಹಳೇ ಎಲೆ ನೋಡಿ ಗಾಬರಿಯಾಗಬೇಡಿ, ಅದು ಹೇಗೂ ಒಣಗುತ್ತದೆ. ನಡುವಿನಿಂದ ಹೊಸದಾಗಿ ಬಿಚ್ಚುವ ಎಲೆ ಗಿಡ್ಡವಾಗಿ, ಅಂಟು ತುಂಬಿಕೊಂಡು ಬರುತ್ತಿದ್ದರೆ ಎತ್ತರ ಸರಿಯಿದೆ ಎಂದರ್ಥ.